ಮನವಿಗೆ ಸಹಿಯೋ, ಮಸೂದೆಗೆ ತಿದ್ದುಪಡಿಯೋ?

ಪೂರ್ವ ಉಕ್ರೇನ್‌ನ ಡಾನ್‌ಬಾಸ್ ಬಿಟ್ಟು ರಾಜಧಾನಿ ಕೀವ್‌ಗೆ ಬಂದು ನೆಲೆಸಿದವರೊಬ್ಬರು, ರಷ್ಯಾ ಆಕ್ರಮಿಸಿದ ನೆಲವನ್ನು ದೇಶಕ್ಕೆ ಮರಳಿ ಸೇರಿಸುವ ಕಾನೂನಿನಲ್ಲಿ ತಮ್ಮ ಮಾತೂ ಇರಲಿ ಎಂದುಕೊಂಡರೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಅಧ್ಯಕ್ಷರಿಗೆ ಆನ್‌ಲೈನ್ ಮನವಿ. ಮೂರು ತಿಂಗಳಲ್ಲಿ 25,000 ಸಹಿ ಬಿದ್ದರೆ ಅದನ್ನು ಪರಿಶೀಲಿಸಿ ಉತ್ತರ ಕೊಡಲೇಬೇಕು. ಸದ್ದು ಮಾಡುವುದಕ್ಕೆ ಇದು ಒಳ್ಳೆಯದು; ಆದರೆ ಸಿಗುವುದು ಉತ್ತರ, ಕಾನೂನಲ್ಲ. ಉಕ್ರೇನ್ ಸಂವಿಧಾನದ ಪ್ರಕಾರ ಮಸೂದೆ ಮಂಡಿಸುವ ಹಕ್ಕು ಅಧ್ಯಕ್ಷರು, ಸಂಸದರು ಮತ್ತು ಸಚಿವ ಸಂಪುಟಕ್ಕೆ ಮಾತ್ರ.

ಎರಡನೆಯದು, ಮಸೂದೆಯ ಮೊದಲ ಮತ್ತು ಎರಡನೇ ವಾಚನದ (ಸಂಸತ್ತಿನಲ್ಲಿ ಚರ್ಚೆಯಾಗುವ ಹಂತಗಳ) ನಡುವೆ ಸಂಸದರೊಬ್ಬರ ಮೂಲಕ ತಿದ್ದುಪಡಿ ತರಿಸುವುದು. ಕಷ್ಟದ ಕೆಲಸವೇ. ಆದರೂ ನನ್ನ ಒಲವು ಇದರ ಕಡೆಗೇ, ಏಕೆಂದರೆ ಇಲ್ಲಿ ಒಂದೊಂದು ಪದಕ್ಕೂ ಬೆಲೆಯಿದೆ. 2018ರ ಜನವರಿ 18ರಂದು 280 ಮತಗಳಿಂದ ಅಂಗೀಕಾರವಾದ ಡಾನ್‌ಬಾಸ್ ಮರುಸೇರ್ಪಡೆಯ ಕಾನೂನನ್ನೇ ನೋಡಿ: ಆಕ್ರಮಿತ ಪ್ರದೇಶದ ಆಡಳಿತ ಕೊಟ್ಟ ಕಾಗದಗಳೆಲ್ಲ ಅಸಿಂಧು, ಜನನ ಮತ್ತು ಮರಣದ ದಾಖಲೆಗಳನ್ನು ಬಿಟ್ಟು. ಆ ಒಂದು ವಿನಾಯಿತಿ ಎಷ್ಟು ತಾಯಂದಿರಿಗೆ ಆಸರೆಯೋ!

ಹೇಳುವುದು ಇಂಥ ಖಚಿತ ಸಾಲಾಗಿದ್ದರೆ ಸಂಸದರನ್ನೇ ಹಿಡಿಯಿರಿ. ಮಸೂದೆಯೇ ಇನ್ನೂ ಹುಟ್ಟಿಲ್ಲವೆಂದರೆ ಮನವಿಯಿಂದ ಶುರುಮಾಡಿ.