ಗಡಿ ಒತ್ತಿನಲ್ಲಿ ಮನೆ: ನಮ್ಮ ಮಡಿಕೇರಿ ಕಂಟ್ರಾಕ್ಟರ್ ಕೆಲಸ ಹೇಗಿತ್ತು

ಕೆಲಸಕ್ಕೆ ನಾಲ್ಕು ಸ್ಟಾರ್, ಲೆಕ್ಕಪತ್ರಕ್ಕೆ ಎರಡು. ಹೆಸರು ಹಾಕುತ್ತಿಲ್ಲ.

ಮಡಿಕೇರಿ ಹೊರಗೆ ನಮ್ಮದು ಎಂಟು ಸೆಂಟ್ ಜಾಗ, ಅದೂ ಇಳಿಜಾರು. ಮೇಲ್ಗಡೆ ಒಬ್ಬರ ಕಾಫಿ ತೋಟ, ಕೆಳಗಡೆ ಪಕ್ಕದವರ ಮನೆ. ಎರಡೂ ಕಡೆ ಗಡಿ ಹತ್ತಿರ. ಇಂಥ ಜಾಗದಲ್ಲಿ ಕಂಟ್ರಾಕ್ಟರನ್ನು ಹಾಲ್, ಕಿಚನ್ ನೋಡಿ ಅಳೆಯಬೇಡಿ. ಮನೆ ಎದ್ದ ಮೇಲೆ ಯಾರೂ ಹೋಗಿ ನೋಡದ ಬದಿಗಳಿವೆಯಲ್ಲ, ಅಲ್ಲಿ ಏನು ಮಾಡಿದ್ದಾರೆ ನೋಡಿ.

ಇವರು ಮೊದಲು ಕೇಳಿದ್ದು ಅಡ್ವಾನ್ಸ್ ಅಲ್ಲ, ಹದ್ದುಬಸ್ತು, ಅಂದರೆ ಸರ್ವೆ ಮಾಡಿಸಿ ಗಡಿ ಗುರುತು ಹಾಕಿಸುವುದು, ಆಗಿದೆಯಾ ಅಂತ. ಬೇಲಿ ಇದ್ದಲ್ಲೇ ಗಡಿ ಅಂತ ನಂಬಿ ನೂಲು ಕಟ್ಟಲು ಒಪ್ಪಲಿಲ್ಲ. ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ನೋಟಿಸ್ ಹೋಗಿ, ಸರ್ವೆಯವರು ಬಂದು ಕಲ್ಲು ಹಾಕುವವರೆಗೆ ಜೆಸಿಬಿ ತರಲೇ ಇಲ್ಲ. ಕಾಯುವುದು ಬೇಜಾರು, ನಿಜ. ಆದರೆ ಕಲ್ಲು ಬಿದ್ದಾಗ ಪಕ್ಕದವರೂ ಅಲ್ಲೇ ನಿಂತಿದ್ದರು, ಆಮೇಲೆ ತಕರಾರೇ ಬರಲಿಲ್ಲ.

ನಮ್ಮ ಹಳೇ ಪ್ಲಾನಿನಲ್ಲಿ ಕೆಳಗಡೆ ಒಂದೇ ಅಡಿ ಬಿಟ್ಟಿತ್ತು. ಎಷ್ಟು ಬಿಡಬೇಕು ಅನ್ನುವುದು ಸೈಟಿನ ಅಳತೆ, ಮನೆಯ ಎತ್ತರ ನೋಡಿ ಬದಲಾಗುತ್ತದೆ, ಅದನ್ನು ಲೈಸೆನ್ಸ್ ಕೊಡುವಲ್ಲೇ ಕೇಳಬೇಕು. ಇವರು ಬೇರೆ ಲೆಕ್ಕ ತೋರಿಸಿದರು. ಫುಟಿಂಗ್ (ಕಾಲಂ ಕೆಳಗೆ ನೆಲದೊಳಗಿನ ಕಾಂಕ್ರೀಟ್ ಪಾದ) ನಾಲ್ಕೂವರೆ ಅಡಿ ಚೌಕ ಅಂದರೆ ಕಾಲಂ ನಡುವಿನಿಂದ ಆಚೆಗೆ ಎರಡೂಕಾಲು ಅಡಿ ಹೋಗುತ್ತದೆ. ಗೋಡೆ ಗಡಿಯಿಂದ ಒಂದಡಿ ದೂರ ಇದ್ದರೆ ನೆಲದೊಳಗೆ ನಮ್ಮ ಕಾಂಕ್ರೀಟು ಪಕ್ಕದವರ ಜಾಗದಲ್ಲಿ! ಅದಕ್ಕೇ ಮೂರಡಿ ಬಿಟ್ಟು, ಬೆಡ್‌ರೂಮು ಎರಡಡಿ ಕಿರಿದು ಮಾಡಿದರು. ಅಮ್ಮ ಇವತ್ತಿಗೂ ಗೊಣಗುತ್ತಾರೆ. ಸೈಟು ಕಿರಿದಾಗುವ ಮೂಲೆಯಲ್ಲಿ ಮಾತ್ರ ಅಷ್ಟು ಬಿಡಲು ಆಗಲಿಲ್ಲ. ಅಲ್ಲಿ ಫುಟಿಂಗನ್ನು ಪೂರ್ತಿ ನಮ್ಮ ಕಡೆಗೇ ಇಟ್ಟು, ಅದು ವಾಲದ ಹಾಗೆ ಒಳಗಿನ ಕಾಲಂಗೆ ಸ್ಟ್ರ್ಯಾಪ್ ಬೀಮ್, ಅಂದರೆ ಎರಡನ್ನೂ ಜೋಡಿಸುವ ಕಾಂಕ್ರೀಟ್ ತೊಲೆ, ಕಟ್ಟಿದರು.

ಮೂರಡಿಯ ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಸಾರ್ವೆ ಕಟ್ಟಿ ಹೊರಗೋಡೆಗೆ ಸರಿಯಾಗಿ ಗಾರೆ ಮಾಡಲು ಜಾಗ ಸಿಕ್ಕಿತು. ಒಂದಡಿ ಸಂದಿಯಲ್ಲಿ ಮೇಸ್ತ್ರಿ ಕೈ ಹೇಗೆ ಆಡೀತು? ಗಾರೆ ಇಲ್ಲದ ಗೋಡೆ ನಮ್ಮ ಮಳೆಗಾಲ ಕುಡಿದು ಒಳಗೆಲ್ಲ ಬೂಷ್ಟು ಬರಿಸುತ್ತದೆ.

ಮೇಲ್ಗಡೆ ಇದ್ದದ್ದು ಬರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ ಕೆಲಸ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದು ನೋಡಿದವರಿಗೆ ಬರೆ ಕಡಿಯುವುದು ಅಂದರೇನು ಅಂತ ಹೇಳಬೇಕಾಗಿಲ್ಲ. ಜೆಸಿಬಿಯವನು ನೇರ ಕಡಿದುಬಿಡೋಣ, ಜಾಗ ಉಳಿಯುತ್ತೆ ಅಂದ. ಇವರು ಬಿಡಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದೇ ತುಂಡು ಕಡಿದು, ಅಷ್ಟಕ್ಕೆ ತಡೆಗೋಡೆ ಏರಿಸಿ ಮುಂದಿನ ತುಂಡಿಗೆ ಹೋದರು. ನಡುವೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಜೋರಾಗಿ ಬಂತು. ತೆರೆದಿಟ್ಟ ಮಣ್ಣಿಗೆಲ್ಲ ಟಾರ್ಪಾಲು ಹೊದಿಸಿದ್ದರಿಂದ ಮೇಲಿನವರ ಒಂದು ಕಾಫಿ ಗಿಡವೂ ಜಾರಲಿಲ್ಲ. ಗೋಡೆ ಹಿಂದೆ ಜಲ್ಲಿ ತುಂಬಿ, ನೀರು ಹೊರಬರಲು ಸಾಲಾಗಿ ಪೈಪ್ ಬಿಟ್ಟಿದ್ದಾರೆ. ಜೂನ್‌ಗೆ ಮುಂಚೆ ಮುಗಿಸಿದರು. ಜುಲೈನಲ್ಲಿ ಆ ಪೈಪುಗಳಿಂದ ನೀರು ಸುರಿಯುವುದು ನೋಡಿದರೆ, ಇದೆಲ್ಲ ಗೋಡೆ ಹಿಂದೆಯೇ ನಿಂತಿದ್ದರೆ ಏನಾಗುತ್ತಿತ್ತು ಅಂತ ಗೊತ್ತಾಗುತ್ತದೆ.

ಈಗ ಬೇಜಾರಿನ ವಿಷಯ. ತಡೆಗೋಡೆ ಎಸ್ಟಿಮೇಟಿನಲ್ಲಿ ಇರಲೇ ಇಲ್ಲ! ಚದರಡಿ ರೇಟಿನಲ್ಲಿ ಮನೆ ಮಾತ್ರ, ಬರೆ ಕೆಲಸ ಎಕ್ಸ್‌ಟ್ರಾ ಅಂತ ಕಡಿಯಲು ಶುರುಮಾಡಿದ ಮೇಲೆ ಬಾಯಿಬಿಟ್ಟರು. ಇಳಿಜಾರು ಜಾಗ ಅಂತ ಮೊದಲ ದಿನವೇ ಕಣ್ಣಿಗೆ ಕಾಣಲ್ವಾ? ಪಾರ್ಕಿಂಗ್ ಶೀಟಿನ ದುಡ್ಡೆಲ್ಲ ಅಲ್ಲಿಗೇ ಹೋಯಿತು.

ಕೆಳಗಡೆ ಮಾಡಿಗೆ, ಅಂದರೆ ಸೂರಿಗೆ, ಹಾಕಿದ ಗಟರೂ ಸಣ್ಣದು. ನಾಲ್ಕಿಂಚಿನ ಪೈಪು ಬಯಲುಸೀಮೆಗೆ ಸಾಕೇನೋ, ಇಲ್ಲಿ ಮೊದಲ ಜೋರು ಮಳೆಗೇ ಉಕ್ಕಿ ನೀರೆಲ್ಲ ಪಕ್ಕದವರ ಅಂಗಳಕ್ಕೆ ಬಿತ್ತು. "ನಿಮ್ಮ ಮಾಡಿನ ನೀರು ನಮಗೆ ಬೇಡ ಮಾರಾಯ್ರೆ" ಅಂದರು, ನಗುತ್ತಲೇ ಅಂದರು, ಆದರೂ ಅಂದರಲ್ಲ. ಆರಿಂಚಿನ ಪೈಪಿಗೆ ಬದಲಾಯಿಸಿದರು, ಸಾಮಾನಿನ ದುಡ್ಡು ನಮ್ಮಿಂದಲೇ ತಗೊಂಡರು.

ಕಾಫಿ ಕುಯ್ಲಿನ ಹೊತ್ತಿಗೆ ಆಳುಗಳೆಲ್ಲ ತೋಟಕ್ಕೆ ಹೋದರು, ಕೆಲಸ ನಿಂತಿತು. ಅದಕ್ಕೆ ಇವರನ್ನು ಬೈಯಲ್ಲ, ಇಲ್ಲಿ ಯಾರಿಗೆ ಕೊಟ್ಟರೂ ಅಷ್ಟೇ. ಆದರೆ ಫೋನ್ ಎತ್ತಬಹುದಿತ್ತು.

ಗೃಹಪ್ರವೇಶದ ದಿನ ಗೊತ್ತುಮಾಡಿ ಅವಸರದಲ್ಲಿರುವವರಿಗೆ ಇವರು ಆಗಲ್ಲ. ಗಡಿಯಲ್ಲಿ ಬರೆ ಇರುವವರು ಕೊಡಬಹುದು. ತಡೆಗೋಡೆ, ಗಟರಿನ ಅಳತೆ, ಮಣ್ಣು ಸಾಗಿಸುವ ಖರ್ಚು, ಮೂರನ್ನೂ ಎಸ್ಟಿಮೇಟಿನಲ್ಲಿ ಬರೆಸಿ ಸಹಿ ಹಾಕಿಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.