ಆನೆ ಬಲಿ ಅರ್ಥವಾಗಬೇಕಾ? ಲಿಚೆಸ್ ಸ್ಟಡಿ ಬಳಸಿ ನೋಡಿ

ಚೆಸ್ ಕಲಿಯುವವರಿಗೆ ದುಡ್ಡಿಲ್ಲದೆ ಸಿಗುವ ಸೌಲಭ್ಯಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಲಿಚೆಸ್ ಅನ್ನುವ ಚೆಸ್ ಜಾಲತಾಣದ ‘ಸ್ಟಡಿ’ ವಿಭಾಗ. ಅಲ್ಲಿ ಆಟ ಆಡುವ ಬಗ್ಗೆ ನಾನು ಹೇಳುತ್ತಿಲ್ಲ, ಅದು ಹೆಚ್ಚು ಕಡಿಮೆ ಎಲ್ಲರಿಗೂ ಗೊತ್ತು. ಮುಗಿದ ಆಟವೊಂದನ್ನು ಬಿಡಿಸಿ, ಒಳಗೆ ಏನಾಯಿತು ಅಂತ ನೋಡುತ್ತೇವಲ್ಲ, ಆ ಕೆಲಸಕ್ಕೆ ಇದು ಎಷ್ಟು ಒದಗುತ್ತದೆ ಅನ್ನುವುದಷ್ಟೇ ಇಲ್ಲಿಯ ವಿಷಯ.

ಪರೀಕ್ಷೆಗೆ ಸುಲಭದ ಆಟ ಸಾಲದು. ಅದಕ್ಕೇ 1999ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಜೀಯಲ್ಲಿ ರಷ್ಯಾದ ಗ್ರ್ಯಾಂಡ್‌ಮಾಸ್ಟರ್ ಗ್ಯಾರಿ ಕಾಸ್ಪರೋವ್ ಬಲ್ಗೇರಿಯಾದ ಗ್ರ್ಯಾಂಡ್‌ಮಾಸ್ಟರ್ ವೆಸೆಲಿನ್ ಟೊಪಲೋವ್ ವಿರುದ್ಧ ಆಡಿದ ಆಟವನ್ನು ಹಾಕಿ ನೋಡಿದೆ. ಬಿಳಿ ಕಾಸ್ಪರೋವ್ ಅವರದು, ಕಪ್ಪು ಟೊಪಲೋವ್ ಅವರದು. ಓಪನಿಂಗ್, ಅಂದರೆ ಶುರುವಿನ ನಡೆಗಳ ಕ್ರಮ, ಪಿರ್ಕ್ ಡಿಫೆನ್ಸ್. 23 ನಡೆ ಮುಗಿದಾಗ ಎರಡೂ ಕಡೆ ಕಾಯಿಗಳು ಸಮ: ರಾಣಿ, ಎರಡು ಆನೆ, ಒಂದು ಒಂಟೆ, ಒಂದು ಕುದುರೆ, ಏಳು ಪಾನ್ (ಪದಾತಿ). ಕಪ್ಪು ರಾಜ ಎ7ರಲ್ಲಿ ನಿಂತಿದ್ದಾನೆ (ಅಕ್ಷರ ಕಂಬವನ್ನು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಸಾಲನ್ನು ಹೇಳುತ್ತದೆ). ಬಿಳಿ ರಾಣಿ ಎಫ್4ರಲ್ಲಿ, ಕಪ್ಪು ರಾಣಿ ಡಿ6ರಲ್ಲಿ, ಎದುರುಬದುರು. ರಾಣಿ ಹೊಡೆದಾಡಿಕೊಂಡು ಆಟ ತಣ್ಣಗಾಗಬಹುದು ಅನ್ನಿಸುವ ಹೊತ್ತು. ಆಗ ಕಾಸ್ಪರೋವ್ ತನ್ನ ಆನೆಯಿಂದ ಡಿ4ರ ಪಾನ್ ಹೊಡೆದುಬಿಟ್ಟರು. ಆ ಪಾನ್‌ಗೆ ಸಿ5ರ ಪಾನ್ ಕಾವಲಿತ್ತು. ಅಂದರೆ ಆನೆ ಸುಮ್ನೆ ಹೋಗುತ್ತದೆ. ಹೀಗೆ ಮುಂದಿನ ಲಾಭಕ್ಕಾಗಿ ಬೇಕೆಂದೇ ಕಾಯಿ ಕೊಡುವುದೇ ಬಲಿ.

ಇಲ್ಲಿ ನನ್ನ ಮೊದಲ ಸಲಹೆ, ಇದೇ ಮುಖ್ಯವಾದದ್ದು ಕೂಡ: ಎಂಜಿನ್, ಅಂದರೆ ಒಳ್ಳೆಯ ನಡೆ ಯಾವುದು, ಯಾರು ಎಷ್ಟು ಮುಂದಿದ್ದಾರೆ ಅಂತ ಅಂಕಿಯಲ್ಲಿ ತೋರಿಸುವ ಪ್ರೋಗ್ರಾಂ, ಆನ್ ಮಾಡಬೇಡಿ. ಸ್ಟಡಿಯಲ್ಲಿ ಹೊಸ ಅಧ್ಯಾಯ ಮಾಡುವಾಗ ಆಟದ ಪಿಜಿಎನ್ (ನಡೆಗಳನ್ನು ಬರೆದಿಟ್ಟ ಪಠ್ಯ) ಅಂಟಿಸಿದರೆ ಸಾಕು, ನಡೆಗಳೆಲ್ಲ ಬಂದು ಕೂರುತ್ತವೆ. ಅಲ್ಲೇ ಮುಂದಿನ ನಡೆಗಳನ್ನು ಮರೆಮಾಡುವ ಆಯ್ಕೆ ಇದೆ. ಕಂಪ್ಯೂಟರ್ ವಿಶ್ಲೇಷಣೆ ಯಾರಿಗೆ ಕಾಣಬೇಕು ಅನ್ನುವುದಕ್ಕೂ ಸೆಟ್ಟಿಂಗ್ ಇದೆ, ಅದನ್ನು ಯಾರಿಗೂ ಬೇಡ ಅಂತಲೂ ಇಡಬಹುದು. ಇವೆರಡನ್ನೂ ಹಾಕಿಕೊಂಡು 24ನೇ ನಡೆಯ ಮುಂದೆ ಕೂತರೆ ಬೋರ್ಡ್ ನಿಮ್ಮ ಜೊತೆ ಒಂದು ಮಾತೂ ಆಡುವುದಿಲ್ಲ. ನೀವೇ ಯೋಚಿಸಬೇಕು. ನನ್ನ ಪ್ರಕಾರ ಈ ಸ್ಟಡಿಯ ಬೆಲೆ ಇರುವುದೇ ಇಲ್ಲಿ, ಏಕೆಂದರೆ ಪಕ್ಕದಲ್ಲಿ ಒಂದು ಅಂಕಿ ಓಡುತ್ತಾ ಇದ್ದರೆ ಕಣ್ಣು ಬೋರ್ಡ್ ಬಿಟ್ಟು ಅದರ ಮೇಲೇ ಇರುತ್ತದೆ, ಆಮೇಲೆ ಬಲಿ ಯಾಕೆ ಕೊಟ್ಟರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಯೋಚಿಸಿದರೆ ಏನು ಸಿಗುತ್ತದೆ ಅಂತ ನೋಡಿ. ಕಪ್ಪು ಆ ಆನೆಯನ್ನು ಹೊಡೆದರೆ ಬಿಳಿಯ ಎರಡನೇ ಆನೆ ಇ7ಕ್ಕೆ ಹಾರಿ ಚೆಕ್ ಕೊಡುತ್ತದೆ. ಅದೂ ಬಿಟ್ಟಿ! ಕಪ್ಪು ರಾಣಿ ಅದನ್ನು ಹೊಡೆಯಬಹುದು. ಹೊಡೆದರೆ ಅವಳು ಡಿ6 ಬಿಟ್ಟಂತಾಯಿತು. ಬಿಳಿ ರಾಣಿ ಡಿ4ರ ಪಾನ್ ಹೊಡೆದು ಚೆಕ್, ರಾಜ ಬಿ8ಕ್ಕೆ. ರಾಣಿ ಬಿ6ಕ್ಕೆ ಬಂದು ಮತ್ತೆ ಚೆಕ್, ಒಂಟೆ ಬಿ7ಕ್ಕೆ ಅಡ್ಡ. ಕುದುರೆ ಸಿ6ಕ್ಕೆ ಚೆಕ್, ಒಂಟೆ ಪಿನ್ ಆಗಿರುವುದರಿಂದ, ಅಂದರೆ ಅದು ಸರಿದರೆ ಹಿಂದಿನ ರಾಜನಿಗೆ ಚೆಕ್ ಬೀಳುವುದರಿಂದ, ಹೊಡೆಯುವ ಹಾಗಿಲ್ಲ. ರಾಜ ಎ8ಕ್ಕೆ, ರಾಣಿ ಎ7ಕ್ಕೆ, ಮೇಟ್, ಅಂದರೆ ರಾಜನಿಗೆ ದಾರಿಯಿಲ್ಲ, ಆಟ ಮುಗಿಯಿತು. ರಾಜ ಸಿ8ಕ್ಕೆ ಓಡೋಣ ಅಂದರೆ ಎಚ್3ರಲ್ಲಿ ಇಷ್ಟು ಹೊತ್ತೂ ಸುಮ್ಮನಿದ್ದ ಬಿಳಿ ಒಂಟೆ ಆ ಮನೆಯನ್ನು ಕಾಯುತ್ತಿದೆ. ಈ ಒಂಟೆ ನಿಮ್ಮ ಕಣ್ಣಿಗೆ ತಾನಾಗಿ ಬಿದ್ದರೆ ಅರ್ಧ ಕೆಲಸ ಆಯಿತು.

ಟೊಪಲೋವ್ ಮೊದಲ ಆನೆಯನ್ನು ಹೊಡೆದರು, ಎರಡನೆಯದನ್ನು ಬಿಟ್ಟು ರಾಜನನ್ನು ಬಿ6ಕ್ಕೆ ಸರಿಸಿದರು. ಅಲ್ಲಿಂದ ಕಪ್ಪು ರಾಜ ಎ5, ಎ4, ಎ3, ಬಿ4, ಸಿ3, ಡಿ2 ಅಂತ ನಡೆದು ಬಿಳಿಯ ಮೊದಲ ಸಾಲಿನ ಡಿ1ರವರೆಗೂ ಬಂದ. ಈ ಓಟದ ನಡುವೆ ಸ್ಟಡಿಯ ಇನ್ನೊಂದು ಸೌಲಭ್ಯ ತುಂಬಾ ಉಪಯೋಗಕ್ಕೆ ಬರುತ್ತದೆ. ಎದುರಾಳಿಯ ಬೆದರಿಕೆ ಏನು ಅಂತ ತೋರಿಸುವ ಬಟನ್ ಅದು, ಕೀಬೋರ್ಡಿನಲ್ಲಿ ಎಕ್ಸ್ ಒತ್ತಿದರೂ ಆಗುತ್ತದೆ. ಇದು ಎಂಜಿನ್ನಿನ ಕೆಲಸ, ಹಾಗಾಗಿ ಇಲ್ಲಿ ಮಾತ್ರ ಅದನ್ನು ಸ್ವಲ್ಪ ಹೊತ್ತು ಬಿಡಬೇಕು. 28ನೇ ನಡೆಯಲ್ಲಿ ಕಾಸ್ಪರೋವ್ ಚೆಕ್ ಕೊಡದೆ ರಾಣಿಯನ್ನು ಸಿ3ಕ್ಕೆ ಸರಿಸುತ್ತಾರೆ. ಅಷ್ಟೆಲ್ಲ ಕಾಯಿ ಕೊಟ್ಟ ಮೇಲೆ ಯಾಕಿಷ್ಟು ನಿಧಾನ ಅನ್ನಿಸುತ್ತದೆ ಅಲ್ವಾ? ಬಟನ್ ಒತ್ತಿ. ಕೆಂಪು ಬಾಣ ಬಿ3ರ ಕಡೆ ತೋರಿಸುತ್ತದೆ. ರಾಣಿ ಅಲ್ಲಿಗೆ ಬಂದರೆ ಮೇಟ್. ಒಂದು ಬಾಣ ಸಾಕು, ಇಡೀ ನಡೆ ಅರ್ಥವಾಗುತ್ತದೆ.

ಇದಾದ ಮೇಲೆ ಇಡೀ ಆಟಕ್ಕೆ ಎಂಜಿನ್ ಆನ್ ಮಾಡಿ. ಸ್ಟಾಕ್‌ಫಿಶ್ ಅನ್ನುವ ಆ ಎಂಜಿನ್ ನಿಮ್ಮ ಬ್ರೌಸರಿನಲ್ಲೇ ಓಡುತ್ತದೆ, ಮುಂದಿನ ನಡೆಗಳ ಐದು ಸಾಲುಗಳವರೆಗೆ ಒಟ್ಟಿಗೆ ತೋರಿಸುವಂತೆ ಹೇಳಬಹುದು. ಈಗ ಮಜಾ. 24ನೇ ನಡೆಯ ಆನೆಯನ್ನು ಹೊಡೆಯದೆ ಟೊಪಲೋವ್ ಆಗಲೇ ರಾಜನನ್ನು ಬಿ6ಕ್ಕೆ ಇಟ್ಟಿದ್ದರೆ ಆಟ ಸಮವಾಗಿಯೇ ಇರುತ್ತಿತ್ತು. ಕಾರಣ ಬೋರ್ಡಿನ ಮೇಲೇ ಇದೆ: ರಾಜ ಏಳನೇ ಸಾಲು ಬಿಟ್ಟರೆ ಇ7ರ ಆನೆಯಿಂದ ಚೆಕ್ ಇಲ್ಲ, ಮೇಲಾಗಿ ಎ5ರ ಕುದುರೆಗೂ ಪೆಟ್ಟು. ಹಾಗೆಯೇ ರಾಣಿ ಸಿ3ಕ್ಕಿಂತ ಆನೆ ಎ7 ಇನ್ನೂ ಬಲವಾದ ನಡೆ. ಅಂದರೆ ಲೋಕವೇ ಕೊಂಡಾಡಿದ ಬಲಿ ಎದುರಾಳಿ ಹೊಡೆದರೆ ಮಾತ್ರ ಗೆಲುವು ತರುತ್ತದೆ. ಇದರಿಂದ ಆಟದ ಬೆಲೆ ಕಡಿಮೆಯಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಗಡಿಯಾರ ಓಡುತ್ತಿರುವಾಗ, ಮುಂದೆ ಕೂತವರು ಟೊಪಲೋವ್ ಆಗಿರುವಾಗ, ರಾಜನನ್ನು ಬೋರ್ಡಿನ ಆಚೆ ತುದಿಯಿಂದ ಈಚೆ ತುದಿಗೆ ಎಳೆದು ತರುವ ದಾರಿಯನ್ನು ತಲೆಯಲ್ಲೇ ಕಟ್ಟಿಕೊಂಡು ಆನೆ ಇಡುವುದಿದೆಯಲ್ಲ, ಅದನ್ನು ಯಾವ ಅಂಕಿಯೂ ಅಳೆಯುವುದಿಲ್ಲ.

ಲಿಚೆಸ್ ಕೂಡ ಅಳೆಯಲು ಹೋಗುವುದಿಲ್ಲ, ಇದು ನನಗೆ ಇಷ್ಟ. ಅದರ ಕಂಪ್ಯೂಟರ್ ತಪ್ಪು ನಡೆಗಳಿಗೆ ಗುರುತು ಹಾಕುತ್ತದೆ, ಆದರೆ ಅದ್ಭುತ ಅಂತ ತಾನಾಗಿ ಯಾವ ನಡೆಗೂ ಬಿರುದು ಕೊಡುವುದಿಲ್ಲ. ಅದ್ಭುತ ನಡೆಯ ಗುರುತಾದ ಎರಡು ಆಶ್ಚರ್ಯಸೂಚಕ ಚಿಹ್ನೆಗಳನ್ನು ನೀವೇ ಹಾಕಬೇಕು, ಪಕ್ಕದಲ್ಲಿ ಟಿಪ್ಪಣಿಯನ್ನೂ ನೀವೇ ಬರೆಯಬೇಕು. ಟಿಪ್ಪಣಿ ಕನ್ನಡದಲ್ಲೇ ಬರೆಯಬಹುದು, ಚೆನ್ನಾಗಿ ಕಾಣುತ್ತದೆ. ಮಕ್ಕಳಿಗೆ ಹೇಳಿಕೊಡುವವರು ಇದನ್ನು ಬಿಡಬಾರದು. ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳವರೆಗೆ ಮಾಡಬಹುದು. ಅದನ್ನು ಪಾಠದ ರೂಪಕ್ಕೆ ತಿರುಗಿಸಿದರೆ ಮಗು ಸರಿಯಾದ ನಡೆ ಇಟ್ಟಾಗ ನೀವು ಬರೆದ ಕನ್ನಡದ ಮಾತು ಪರದೆಯ ಮೇಲೆ ಬರುತ್ತದೆ.

ಕೊರತೆಗಳೂ ಇವೆ. ಎಂಜಿನ್ ನಿಮ್ಮ ಸಾಧನದ ಶಕ್ತಿಯಲ್ಲೇ ಓಡುವುದರಿಂದ ಕಡಿಮೆ ಬೆಲೆಯ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಈ ಆಟದಂತೆ ಕವಲುಗಳು ಜಾಸ್ತಿ ಇರುವ ಕಡೆ ಚಿಕ್ಕ ಪರದೆಯಲ್ಲಿ ನಡೆಗಳ ಪಟ್ಟಿ ಒಂದರೊಳಗೊಂದು ಸಿಕ್ಕಿಕೊಂಡಂತೆ ಕಾಣುತ್ತದೆ, ಎಲ್ಲಿದ್ದೇನೆ ಅಂತಲೇ ತಿಳಿಯುವುದಿಲ್ಲ. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೇ ಮಾಡಿ. ಇನ್ನೊಂದು, ಎಂಜಿನ್ ಅಂಕಿ ಕೊಡುತ್ತದೆ, ಸಾಲು ಕೊಡುತ್ತದೆ, ಯಾಕೆ ಅಂತ ಮಾತಿನಲ್ಲಿ ಹೇಳುವುದಿಲ್ಲ. ಈಗಷ್ಟೇ ಕಲಿಯಲು ಶುರು ಮಾಡಿದವರು ಒಬ್ಬರೇ ಕೂತರೆ ಬೇಜಾರಾಗಬಹುದು. ಪಕ್ಕದಲ್ಲಿ ತಿಳಿದವರೊಬ್ಬರು ಇದ್ದರೆ ಒಳ್ಳೆಯದು, ಒಂದೇ ಸ್ಟಡಿಯನ್ನು ಇಬ್ಬರೂ ಬೇರೆ ಬೇರೆ ಊರಿನಿಂದ ತೆರೆದು ಕೂರಬಹುದು.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಪೂರ್ತಿ ಉಚಿತ, ಜಾಹೀರಾತು ಇಲ್ಲ. 2010ರಲ್ಲಿ ಫ್ರಾನ್ಸಿನ ತಿಬೋ ಡುಪ್ಲೆಸಿ ಶುರು ಮಾಡಿದ್ದು, ಇವತ್ತಿಗೂ ದೇಣಿಗೆಯಿಂದಲೇ ನಡೆಯುತ್ತಿದೆ. ದೇಣಿಗೆ ಕೊಟ್ಟವರಿಗೆ ಹೆಸರಿನ ಪಕ್ಕ ಒಂದು ರೆಕ್ಕೆಯ ಚಿಹ್ನೆ ಸಿಗುತ್ತದೆ, ಹೆಚ್ಚಿನ ಸೌಲಭ್ಯ ಏನೂ ಇಲ್ಲ. ಬರೀ ವಿಶ್ಲೇಷಣೆಯ ಬೋರ್ಡ್ ಸಾಕು ಅನ್ನುವವರಿಗೆ ಖಾತೆಯೂ ಬೇಡ. ಸ್ಟಡಿ ಮಾಡಿ ಉಳಿಸಿಕೊಳ್ಳಲು ಮಾತ್ರ ಖಾತೆ ಬೇಕು.

ಈ ಆಟವನ್ನು ಹಾಕಿಕೊಳ್ಳುವವರು 36ನೇ ನಡೆಯಿಂದ ಇನ್ನೊಂದು ಅಧ್ಯಾಯ ಬೇರೆಯಾಗಿ ಮಾಡಿಕೊಳ್ಳಿ. ಕಪ್ಪು ರಾಜ ಡಿ1ರಲ್ಲಿದ್ದಾನೆ, ಬಿಳಿಯ ನಡೆ. ಎಚ್3ರ ಒಂಟೆ ಎಫ್1ಕ್ಕೆ ಬರುತ್ತದೆ, ಅಂದರೆ ತನ್ನ ಹುಟ್ಟಿದ ಮನೆಗೇ ವಾಪಸ್. ಕಪ್ಪು ರಾಣಿ ಅದನ್ನು ಹೊಡೆದರೆ ಏನಾಗುತ್ತದೆ, ಹೊಡೆಯದೆ ಆನೆಯನ್ನು ಡಿ2ಕ್ಕೆ ತಂದರೆ ಬಿಳಿ ಏನು ಮಾಡಬೇಕು, ಇವೆರಡನ್ನೂ ಎಂಜಿನ್ ಇಲ್ಲದೆ ಬಿಡಿಸಿ. ಎರಡನೆಯದರ ಉತ್ತರದಲ್ಲಿ ಇನ್ನೊಂದು ಆನೆ ಬಲಿ ಇದೆ.