ಹೊಸದಾಗಿ ಡಾಂಬರು ಬಳಿದ ಹಳೇ ದೋಣಿ ಕೊಳ್ಳೋ ಮುಂಚೆ ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡ್ತೀನಿ. ನಾನು ಭದ್ರಾವತಿಯವನು. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ನಾನು ಓದಿದ್ದು ಮೆಕ್ಯಾನಿಕಲ್. ಇಷ್ಟೆಲ್ಲ ಇದ್ದೂ ತುಕ್ಕು ತಿಂದ ಕಬ್ಬಿಣವನ್ನ 36,000 ಪೌಂಡ್ ಎಣಿಸಿ ಕೊಟ್ಟು ಮನೆಗೆ ತಂದೆ. ಬರೆಯೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತಿದೀನಿ, ಯಾಕಂದ್ರೆ ಇಂಗ್ಲೆಂಡಿನಲ್ಲಿರೋ ನಮ್ಮವರೇ ಮೂರ್ನಾಲ್ಕು ಜನ "ಬಾಡಿಗೆ ಕಟ್ಟಿ ಸಾಕಾಯ್ತು, ನಾವೂ ನ್ಯಾರೋಬೋಟ್ ನೋಡ್ತಿದೀವಿ, ನಿಮ್ಮದು ಹೇಗಿದೆ?" ಅಂತ ಕೇಳ್ತಿದಾರೆ. ನ್ಯಾರೋಬೋಟ್ ಅಂದ್ರೆ ಇಲ್ಲಿನ ಕಾಲುವೆಗಳಲ್ಲಿ ಓಡಾಡೋ, ಒಳಗೇ ಮನೆ ಮಾಡ್ಕೊಂಡು ಇರಬಹುದಾದ ಉದ್ದನೆ ಕಬ್ಬಿಣದ ದೋಣಿ. ನಮ್ಮದು ಹೀಗಿದೆ, ಓದಿ.

ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಕಟ್ಟಿ ಹಾಕಿದ್ದ ದೋಣಿ. 57 ಅಡಿ ಉದ್ದ, ಏಳು ಅಡಿಗೂ ಕಮ್ಮಿ ಅಗಲ, 1988ರಲ್ಲಿ ಕಟ್ಟಿದ್ದು. ಈಗಿನ ಹೊಸ ದೋಣಿಗಳಿಗೆ ತಳಕ್ಕೆ 10 ಮಿ.ಮೀ. ತಗಡು, ಪಕ್ಕಕ್ಕೆ 6 ಹಾಕ್ತಾರೆ. ಇದಕ್ಕೆ ಕಟ್ಟಿದಾಗಲೇ ತಳ 6, ಪಕ್ಕ 5. ಅಂದ್ರೆ ಕಳ್ಕೊಳ್ಳೋಕೆ ಮೊದಲಿಂದಲೂ ಹೆಚ್ಚೇನೂ ಇರಲಿಲ್ಲ. ಇದು ನನಗೆ ಆಗಲೇ ಹೊಳೀಬೇಕಿತ್ತು.

ಹೊಳೀಲಿಲ್ಲ. ಒಳಗೆ ಸೌದೆ ಒಲೆ ಉರೀತಿತ್ತು, ಹಿತ್ತಾಳೆ ಕಿಟಕಿ ಫಳಫಳ ಅಂತಿತ್ತು, ಮಾರೋ ಯಜಮಾನ್ರು ಟೀ ಮಾಡಿಕೊಟ್ರು. ಎಪ್ಪತ್ತರ ಹತ್ತಿರದ ಮನುಷ್ಯ, ಕಾಲ ಬುಡದಲ್ಲಿ ಮುದಿ ನಾಯಿ. ಹೆಂಡತಿ ಆಗಲೇ ಪರದೆ ಬಣ್ಣ ಯೋಚಿಸ್ತಿದ್ಲು. ಹೊರಗೆ ನೀರಿನ ಗೆರೆಯವರೆಗೂ ಹೊಸ ಡಾಂಬರು ಬಣ್ಣ, ಎಣ್ಣೆ ಹಚ್ಚಿದ ದೋಸೆ ಕಾವಲಿ ಥರ. "ಹೋದ ತಿಂಗಳು ತಾನೇ ಮೇಲೆತ್ತಿ ಬ್ಲ್ಯಾಕಿಂಗ್ ಮಾಡಿಸಿದೆ. ಇನ್ನು ಮೂರು ವರ್ಷ ನೀನು ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ" ಅಂದ್ರು.

ಸರ್ವೇ, ಅಂದ್ರೆ ತಗಡಿನ ತಪಾಸಣೆ, ಮಾಡಿಸ್ಲಾ ಅಂತ ಕೇಳಿದ್ದು ನಿಜ. ಅದಕ್ಕೆ ಅವರು, "ಮಾಡಿಸಪ್ಪಾ, ನನ್ನದೇನು ಅಡ್ಡಿ ಇಲ್ಲ. ಮತ್ತೆ ಡ್ರೈ ಡಾಕಿಗೆ ಒಯ್ಯೋದು, ಸರ್ವೇಯರ್ ಫೀಸು, ಸುಮ್ಮನೆ ಸಾವಿರ ಪೌಂಡ್ ನೀರಿಗೆ. ಇಗೋ ಹಳೇ ರಿಪೋರ್ಟ್" ಅಂತ ಒಂದು ಹಾಳೆ ಕೊಟ್ರು. ಒಂದೇ ಹಾಳೆ. ಪಕ್ಕ 4.6 ಅಂತಿತ್ತು. ಮಿಕ್ಕ ಹಾಳೆ? "ಎಲ್ಲೋ ಇದೆ, ಹುಡುಕಿ ಕಳಿಸ್ತೀನಿ." ಜೊತೆಗೆ ಬೋಟ್ ಸೇಫ್ಟಿ ಸರ್ಟಿಫಿಕೇಟ್ ತೋರಿಸಿದ್ರು, ಇನ್ನೂ ಮೂರು ವರ್ಷ ಅವಧಿ ಇತ್ತು. ನಾನು ಅದನ್ನ ನಮ್ಮ ಲಾರಿ ಎಫ್‌ಸಿ ಥರ ಅಂದ್ಕೊಂಡೆ. ಗಾಡಿ ಪೂರ್ತಿ ನೋಡಿ ಪಾಸ್ ಮಾಡಿದಾರೆ ಅಂತ. ಅಲ್ಲ ಮಾರಾಯ್ರೇ! ಅದರಲ್ಲಿ ನೋಡೋದು ಗ್ಯಾಸ್, ವೈರಿಂಗ್, ಇಂಧನ, ಬೆಂಕಿ ಇಂಥವು. ತಗಡು ಎಷ್ಟು ದಪ್ಪ ಉಳಿದಿದೆ ಅಂತ ಅದರಲ್ಲಿ ಯಾರೂ ನೋಡೋದೇ ಇಲ್ಲ.

ಅಪ್ಪ ಫೋನಲ್ಲಿ ಒಂದೇ ಮಾತು ಕೇಳಿದ್ರು: "ಸುತ್ತಿಗೇಲಿ ಬಡಿದು ನೋಡಿದ್ಯೇನೋ?" ನಾನು ನಕ್ಕುಬಿಟ್ಟೆ. ಅಪ್ಪಾ, ಇದು ಲಂಡನ್ನು, ಇಲ್ಲೆಲ್ಲ ರಿಪೋರ್ಟ್ ಇರುತ್ತೆ ಅಂದೆ. (ಲಂಡನ್ನೂ ಅಲ್ಲ, ಮಿಡ್‌ಲ್ಯಾಂಡ್ಸು. ಊರಿಗೆ ಎಲ್ಲ ಲಂಡನ್ನೇ.)

ದುಡ್ಡು ಕೊಟ್ಟಾದ ಮೇಲೆ ಪೂರ್ತಿ ವಿಮೆ ಕೇಳೋಕೆ ಹೋದೆ. ದೋಣಿಗೆ ಇಷ್ಟು ವಯಸ್ಸಾಗಿದ್ರೆ ನೀರಿಂದ ಮೇಲೆತ್ತಿ ಮಾಡಿದ ಹೊಸ ಸರ್ವೇ ಬೇಕು, ಎಲ್ಲೂ 4 ಮಿ.ಮೀ.ಗಿಂತ ಕಮ್ಮಿ ಇರಬಾರದು ಅಂದ್ರು. ಸರಿ, ಸಾವಿರ ಪೌಂಡ್ ಕೊನೆಗೂ ಹೋಯ್ತು, ಅದೂ ಕೊಂಡ ಮೇಲೆ.

ಡ್ರೈ ಡಾಕಲ್ಲಿ ನೀರು ಖಾಲಿ ಮಾಡಿ, ಪಾಚಿ ತೊಳೆದು, ಸರ್ವೇಯಮ್ಮ ಕೆಳಗಿಳಿದ್ರು. ಕೈಯಲ್ಲಿ ಏನು? ಸುತ್ತಿಗೆ! ಮುಂದಿಂದ ಬಡೀತಾ ಬಂದ್ರು. ಟಣ್, ಟಣ್, ಟಣ್. ಎಂಜಿನ್ ಹತ್ತಿರ ನೀರಿನ ಗೆರೆಗೆ ಬಂದಾಗ, ದಬ್. ಅವರು ಏನೂ ಮಾತಾಡ್ಲಿಲ್ಲ. ಇನ್ನೊಂದ್ಸಲ ಬಡಿದ್ರು. ದಬ್. ಸ್ಕ್ರೂಡ್ರೈವರ್ ತಗೊಂಡು ಕೆರೆದ್ರೆ ಡಾಂಬರಿನ ಕೆಳಗಿಂದ ಕಪ್ಪಗಿನ ಮೆತ್ತೆ ಉಂಡೆ ಉಂಡೆಯಾಗಿ ಉದುರ್ತು. ಹುಳುಕು ಹಲ್ಲಿಗೆ ಸಿಮೆಂಟ್ ತುಂಬ್ತಾರಲ್ಲ, ಹಾಗೆ ಕುಳಿಗಳಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ರು. ಒಂದು ಕುಳೀಲಿ ನನ್ನ ಹೆಬ್ಬೆರಳ ತುದಿ ಕೂತ್ಕೊಳ್ತು. ಆಮೇಲೆ ಜೆಲ್ ಹಚ್ಚಿ, ಬಸುರಿಗೆ ಸ್ಕ್ಯಾನ್ ಮಾಡೋ ಹಾಗೆ ಮೀಟರ್ ಇಟ್ಟು, ಒಂದೊಂದೇ ಅಂಕಿಯನ್ನ ತಗಡಿನ ಮೇಲೇ ಸೀಮೆಸುಣ್ಣದಲ್ಲಿ ಬರೀತಾ ಹೋದ್ರು. 4.4. 4.1. 3.2. 2.3. ಆ 2.3 ಇವತ್ತಿಗೂ ಕಣ್ಮುಂದೆ ಇದೆ. ಅದರ ಆಚೆ ಬದಿಗೆ ನನ್ನ ಮಗಳ ಹಾಸಿಗೆ.

ಯಾಕೆ ಹೀಗಾಯ್ತು ಅಂತ ಅವರೇ ತೋರಿಸಿದ್ರು. ದೋಣಿ ವರ್ಷಗಟ್ಟಲೆ ದಡದ ಕರೆಂಟಿಗೆ ಸಿಕ್ಕಿಸಿಕೊಂಡೇ ಇತ್ತಂತೆ. ಆ ಕೇಬಲ್ಲಿನ ಅರ್ಥ್ ವೈರ್ ಅಕ್ಕಪಕ್ಕದ ದೋಣಿಗಳನ್ನೆಲ್ಲ ಒಂದಕ್ಕೊಂದು ಸೇರಿಸಿಬಿಡುತ್ತೆ. ಕಾಲುವೆ ನೀರಲ್ಲಿ ಎಲ್ಲ ಸೇರಿ ಒಂದು ದೊಡ್ಡ ಬ್ಯಾಟರಿ ಆಗುತ್ತೆ, ಅದರಲ್ಲಿ ತಗಡು ಸವೀತಾ ಹೋಗುತ್ತೆ. ಅದನ್ನ ತಡೆಯೋಕೆ ಗ್ಯಾಲ್ವನಿಕ್ ಐಸೊಲೇಟರ್ ಅಂತ ಒಂದು ಪೆಟ್ಟಿಗೆ ಇರುತ್ತೆ, ನಮ್ಮದರಲ್ಲಿ ಇರಲಿಲ್ಲ. ತಗಡಿನ ಬದಲು ತಾನು ಸವೆಯಲಿ ಅಂತ ಬೆಸೆದಿರೋ ಮೆಗ್ನೀಸಿಯಂ ಗಟ್ಟಿಗಳು ಯಾವತ್ತೋ ಕರಗಿ ಬೋರೆಹಣ್ಣಿನ ಗಾತ್ರ ಉಳಿದಿದ್ವು. ಅವು ಮುಗಿದ ಮೇಲೆ ಸವೆದಿದ್ದು ದೋಣೀನೇ. ಸಾಲದ್ದಕ್ಕೆ ಬಚ್ಚಲ ನೀರು ಸೋರಿ ದೋಣಿ ಓಲಾಡದಿರಲಿ ಅಂತ ನೆಲದಡಿ ಭಾರಕ್ಕೆ ಇಟ್ಟಿರೋ ಕಲ್ಲುಚಪ್ಪಡಿಗಳ ಕೆಳಗೆ ನಿಂತು, ತಳವನ್ನ ಒಳಗಿಂದಲೂ ತಿಂದಿತ್ತು. ಹೊರಗೆ ಎಷ್ಟು ಡಾಂಬರು ಬಳಿದ್ರೇನು?

ಮಾರಿದವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಕೈ ನಡುಗ್ತಿತ್ತು. ಅವರ ಮೊದಲ ಮಾತು: "ತೇಲ್ತಾ ಇತ್ತಲ್ಲ?"

ಪುಟ್ಟಿ ತುಂಬಿದ್ರಲ್ಲ ಅಂದೆ. "ಪುಟ್ಟಿಯಲ್ಲಪ್ಪಾ, ಡಾಂಬರೇ ಸ್ವಲ್ಪ ದಪ್ಪ ಕೂತಿರಬೇಕು." 2.3 ಬಂದಿದೆ ಅಂದೆ. "ಮೀಟರ್‌ಗಳನ್ನ ನಂಬೋಕಾಗಲ್ಲ." ಹಾಗಾದ್ರೆ ನೀವು ಕೊಟ್ಟ ಹಾಳೇಲಿದ್ದ 4.6 ಯಾವ ಮೀಟರಿಂದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದ್ದ ಹಾಗೇ ಕೊಂಡಿದೀನಿ ಅಂತ ಸಹಿ ಹಾಕಿದೀಯ. ನೀನು ಎಂಜಿನಿಯರ್ ಅಂತ ಬೇರೆ ಹೇಳಿದ್ದೆ" ಅಂದ್ರು. ಅಷ್ಟೇ. ಆಮೇಲೆ ಫೋನ್ ಎತ್ತಲಿಲ್ಲ. ತೇಲ್ತಾ ಇತ್ತಲ್ಲ ಅಂತೆ! ತೇಲ್ತಾ ಇತ್ತು, ಹೌದು. ತೂತಾಗೋ ಹಿಂದಿನ ದಿನದವರೆಗೂ ಎಲ್ಲ ದೋಣಿನೂ ತೇಲುತ್ತೆ.

ಕೇಳಿದವರಿಗೆ ಇಷ್ಟೇ ಹೇಳೋದು. ಹೊಸ ಡಾಂಬರು ಕಂಡ್ರೆ ಖುಷಿಪಡಬೇಡಿ, ಅನುಮಾನಪಡಿ. ನಿಮ್ಮ ದುಡ್ಡಲ್ಲಿ, ನೀವೇ ಹುಡುಕಿದ ಸರ್ವೇಯರ್ ಕೈಲಿ, ನೀರಿಂದ ಮೇಲೆತ್ತಿಸಿ ನೋಡಿಸಿ, ಆಮೇಲೆ ಮುಂಗಡ ಮಾತಾಡಿ. ರಿಪೋರ್ಟಿನ ಎಲ್ಲ ಹಾಳೆ ಕೇಳಿ. ನೆಲದ ಹಲಗೆ ಎತ್ತಿ ಕೈ ಹಾಕಿ. ಟೀ ಬೇಕಾದ್ರೆ ಕುಡೀರಿ, ನಾಯಿ ತಲೆ ಸವರಬೇಡಿ.

ಈಗ ದೋಣಿ ವೆಲ್ಡಿಂಗ್ ಯಾರ್ಡಲ್ಲಿದೆ. ತಳಕ್ಕೂ ಪಕ್ಕಕ್ಕೂ ಹೊಸ ತಗಡು ಹೊದಿಸ್ತಿದಾರೆ. ಅದರ ಭಾರಕ್ಕೆ ದೋಣಿ ಇನ್ನಷ್ಟು ತಗ್ಗಿ ಕೂರುತ್ತಂತೆ, ಅದೊಂದು ಬೇರೆ ಚಿಂತೆ. ಹನ್ನೊಂದು ಸಾವಿರ ಆಗುತ್ತೆ ಅಂತ ಅಪ್ಪನಿಗೆ ಹೇಳಿದೆ. "ಹನ್ನೊಂದು ಸಾವಿರ ತಾನೇ, ಹೋಗ್ಲಿ ಬಿಡೋ" ಅಂದ್ರು. ರೂಪಾಯಿ ಅಂದ್ಕೊಂಡಿದಾರೆ. ನಾನೂ ತಿದ್ದೋಕೆ ಹೋಗಿಲ್ಲ.